ಮೀರಜದ ತಂಬೂರಿ, ಒಂದು ತುಂಡು ಮೂಳೆ, ಒಂದೆಳೆ ದಾರ

ಪುಣೆಯ ಸದಾಶಿವ ಪೇಠೆಯಲ್ಲಿ ಹಳೇ ವಾಡೆಯೊಂದನ್ನು ಕೆಡವುವ ಮುನ್ನ ಅಟ್ಟ ಖಾಲಿ ಮಾಡಿದವರಿಗೆ ಧೂಳು ಮೆತ್ತಿದ ತಂಬೂರಿ ಸಿಕ್ಕಿದೆ. ಮನೆಯವರು ಮೂಲತಃ ಧಾರವಾಡದ ಕಡೆಯವರು. ‘ದಂಡಿಯ ಮೇಲೆ ಮೀರಜದ ಸತಾರ್‌ಮೇಕರ್ ಮನೆತನದ ಹೆಸರಿನ ತಗಡು ಇದೆ. ಆದರೆ ಮೀಟಿದರೆ ಟಪ್ ಅನ್ನುತ್ತದೆ, ನಾದವೇ ಇಲ್ಲ. ಸತ್ತ ವಾದ್ಯ ಮನೆಯಲ್ಲಿ ಇರಬಾರದು, ಹೊಳೆಗೆ ಬಿಟ್ಟುಬಿಡಿ ಎಂದು ಹಿರಿಯರು ಹೇಳುತ್ತಾರೆ. ಜುನಾ ಬಜಾರಿನವರು ಕೊಟ್ಟಷ್ಟಕ್ಕೆ ಕೊಟ್ಟುಬಿಡಲೇ? ಇದರ ಬೆಲೆ ಎಷ್ಟು?’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಹೊಳೆಗಂತೂ ಬಿಡಬೇಡಿ. ಮುಠಾ ನದಿಯಲ್ಲಿ ಈಗ ಇರುವ ಕಸವೇ ಸಾಕು. ಮೀಟಿದರೆ ದನಿ ಬಾರದ ವಾದ್ಯಕ್ಕೆ ದೋಷ ತಗುಲಿದೆ ಎನ್ನುವುದು ಶುದ್ಧ ಅಜ್ಞಾನ. ಅದಕ್ಕೆ ತಗುಲಿರುವುದು ಸವೆತ. ಸವೆದಿರುವ ಜಾಗ ಮೂರು ಬೆರಳಿನ ಅಗಲವೂ ಇಲ್ಲ.

ತಂಬೂರಿಯ ಝೇಂಕಾರ ಸೋರೆ ಬುರುಡೆಯೊಳಗಿಂದ ಹೊಮ್ಮುತ್ತದೆ ಎಂದು ಹಾಡುವವರ ಮನೆಗಳಲ್ಲೂ ಎಷ್ಟೋ ಜನ ನಂಬಿದ್ದಾರೆ. ಬುರುಡೆ ಮತ್ತು ಅದರ ಬಾಯಿ ಮುಚ್ಚುವ ತಬಲಿ ದನಿಯನ್ನು ದೊಡ್ಡದು ಮಾಡುತ್ತವೆ, ನಿಜ. ಝೇಂಕಾರ ಹುಟ್ಟುವುದು ಮಾತ್ರ ತಂತಿಗಳನ್ನು ಹೊತ್ತು ತಬಲಿಯ ಮೇಲೆ ಕೂತ ಕುದುರೆಯ ಬೆನ್ನಿನ ಮೇಲೆ. ಗಿಟಾರು, ಪಿಟೀಲುಗಳಲ್ಲಿ ತಂತಿ ಒಂದು ಚೂಪು ಅಂಚಿನ ಮೇಲೆ ಕೂತಿರುತ್ತದೆ. ತಂಬೂರಿಯ ಕುದುರೆ ಅಗಲ. ನೋಡಲು ಚಪ್ಪಟೆ, ಆದರೆ ಬೆರಳಾಡಿಸಿದರೂ ಗೊತ್ತಾಗದಷ್ಟು ಸಣ್ಣ ಇಳಿಜಾರು ಅದಕ್ಕಿದೆ. ಆ ಇಳಿಜಾರಿಗೂ ತಂತಿಗೂ ನಡುವೆ ಹತ್ತಿಯದೋ ರೇಷ್ಮೆಯದೋ ಒಂದೆಳೆ ದಾರ ಸಿಕ್ಕಿಸಿರುತ್ತಾರೆ.

ತಂತಿ ಮೀಟಿದಾಗ ನಡೆಯುವುದು ಸ್ವಾರಸ್ಯದ ಸಂಗತಿ. ಅದು ಕೆಳಕ್ಕೆ ಬಾಗಿದಾಗ ಇಳಿಜಾರಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ, ಮೇಲೆದ್ದಾಗ ಅಷ್ಟೇ ಬಿಟ್ಟುಕೊಳ್ಳುತ್ತದೆ. ಚಕ್ಕಡಿಯ ಗಾಲಿ ನೆಲ ಮುಟ್ಟುವ ಬಿಂದು ಜರುಗುವ ಹಾಗೆ, ತಂತಿ ಕುದುರೆಯನ್ನು ಮುಟ್ಟುವ ಬಿಂದು ಸೆಕೆಂಡಿಗೆ ನೂರಾರು ಸಲ ಹಿಂದೆ ಮುಂದೆ ಉರುಳುತ್ತದೆ. ಪ್ರತಿ ಓಲಾಟದಲ್ಲೂ ತಂತಿಯ ಉದ್ದ ತುಸು ಬದಲಾಗುತ್ತದೆ, ಪ್ರತಿ ಸಲವೂ ಮೂಳೆಯ ಕುದುರೆಗೆ ನವಿರಾದ ಪೆಟ್ಟು ಬೀಳುತ್ತದೆ. ಮೂಲ ಸ್ವರದ ಶಕ್ತಿ ಅದರ ಮೇಲಿನ ಉಪಸ್ವರಗಳಿಗೆ ಹರಿದುಹೋಗುವುದು ಹೀಗೆ. ಮೀಟಿದ ಮರುಕ್ಷಣ ಮೇಲಿನ ಸ್ವರಗಳು ಮಿಂಚಿ, ಆಮೇಲೆ ನಿಧಾನಕ್ಕೆ ಒಂದೊಂದಾಗಿ ಕೆಳಗಿಳಿದು ಬರುವುದು ಕಿವಿಗೊಟ್ಟರೆ ಕೇಳುತ್ತದೆ. ಇದಕ್ಕೆ ಗಾಯಕರು ಜವಾರಿ ಎನ್ನುತ್ತಾರೆ.

ಇದು ಭೌತವಿಜ್ಞಾನದ ಒಂದು ನಿಯಮವನ್ನೇ ಮುರಿಯುತ್ತದೆ ಎಂದು 1921ರಲ್ಲಿ ಬರೆದವರು ಸಿ.ವಿ. ರಾಮನ್. ಆಗಿನ್ನೂ ಅವರು ಕಲ್ಕತ್ತದಲ್ಲಿದ್ದರು. ನೊಬೆಲ್ ಬರಲು ಒಂಬತ್ತು ವರ್ಷ ಬಾಕಿಯಿತ್ತು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ಆ ನಿಯಮದ ಪ್ರಕಾರ, ತಂತಿಯನ್ನು ಸರಿಯಾಗಿ ನಡುಮಧ್ಯೆ ಮೀಟಿದರೆ, ಅದೇ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದೇ ಇಲ್ಲ. ಮೇಲಿನ ಷಡ್ಜವೂ ಅವುಗಳಲ್ಲೊಂದು. ತಂಬೂರಿ ಮತ್ತು ವೀಣೆಯಲ್ಲಿ ಅವು ಹುಟ್ಟುತ್ತವೆ, ಜೋರಾಗಿಯೇ ಹಾಡುತ್ತವೆ ಎಂದು ರಾಮನ್ ತೋರಿಸಿದರು. ಕಾರಣ, ಅದೇ ಬಾಗಿದ ಕುದುರೆ.

ನೀವೇ ಪರೀಕ್ಷಿಸಬಹುದು. ಜವಾರಿ ಚೆನ್ನಾಗಿರುವ ತಂಬೂರಿಯಲ್ಲಿ ಒಂದು ತಂತಿಯ ಉದ್ದ ಅಳೆದು ನಡುವೆ ಗುರುತು ಮಾಡಿ. ಅಲ್ಲೇ ಮೀಟಿ, ಮರುಕ್ಷಣ ಅಲ್ಲೇ ಬೆರಳ ತುದಿ ಮುಟ್ಟಿಸಿ. ಮೂಲ ಸ್ವರ ಅಡಗುತ್ತದೆ, ಮೇಲಿನ ಷಡ್ಜ ಮಾತ್ರ ಉಳಿದು ಮೊಳಗುತ್ತದೆ. ಗಿಟಾರಿನಲ್ಲಿ ಹೀಗೇ ಮಾಡಿದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಇನ್ನೊಂದು ಮಜಾ: ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿಯೊಂದನ್ನೇ ಮೀಟುತ್ತಿದ್ದರೂ ಯಾರೂ ನುಡಿಸದ ಗಾಂಧಾರ ತಾನಾಗಿ ಕೇಳುತ್ತದೆ. ಅದು ಐದನೇ ಉಪಸ್ವರ. ಸ್ವಯಂಭೂ ಗಾಂಧಾರ ಎಂದು ಕೈಮುಗಿಯುವವರಿದ್ದಾರೆ. ಮುಗಿಯಲಿ, ಆದರೆ ಅದನ್ನು ಹೊರತೆಗೆದವನು ಅರ ಹಿಡಿದು ಕೂತ ಕುಶಲಕರ್ಮಿ ಎಂಬುದನ್ನು ಮರೆಯದಿರಲಿ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕುದುರೆಯನ್ನು ಅರದಿಂದ ಒಂದೆರಡು ಸಲ ಉಜ್ಜಿ, ಪುಡಿ ಊದಿ, ತಂತಿ ಏರಿಸಿ, ಮೀಟಿ, ದಾರವನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿ, ತಲೆ ಅಲ್ಲಾಡಿಸಿ, ತಂತಿ ಇಳಿಸಿ ಮತ್ತೆ ಉಜ್ಜುತ್ತಾರೆ. ನಾಲ್ಕು ತಂತಿಗೂ ಹೀಗೇ. ಮೀರಜದಲ್ಲಿ ಈ ಕಸುಬು ಶುರುವಾದದ್ದು 19ನೇ ಶತಮಾನದ ನಡುವಿನಲ್ಲಿ. ಕತ್ತಿ, ಭರ್ಜಿ ಮಸೆಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರು ಪಟವರ್ಧನ ಸಂಸ್ಥಾನದ ಆಶ್ರಯದಲ್ಲಿ ವಾದ್ಯಗಳತ್ತ ತಿರುಗಿದರು. ಅಲಗು ಮಸೆದ ಕೈಗೆ ಕುದುರೆಯ ಇಳಿಜಾರು ಒಲಿಯಿತು. ಅದೇ ಊರಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಗಾಯಕರಾಗಿದ್ದಂತೆ ವಾದ್ಯ ದುರಸ್ತಿಯಲ್ಲೂ ಪಳಗಿದವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯ ಗದಗಿನ ಭೀಮಸೇನ ಜೋಶಿ. ಗುರುವಿನ ನೆನಪಿಗೆ ಜೋಶಿಯವರು 1953ರಲ್ಲಿ ಪುಣೆಯಲ್ಲೇ ಸಂಗೀತೋತ್ಸವ ಆರಂಭಿಸಿದರು. ಪುಣೆಯ ಕನ್ನಡ ಮನೆಯ ಅಟ್ಟದಲ್ಲಿ ಮೀರಜದ ತಂಬೂರಿ ಸಿಕ್ಕರೆ ಅಚ್ಚರಿ ಪಡಬೇಕಿಲ್ಲ. 2024ರಲ್ಲಿ ಮೀರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಈಗ ಬೆಲೆಯ ಮಾತು. ಟಪ್ ಅನ್ನುತ್ತದೆ ಎಂದರೆ ಜವಾರಿ ಮುಚ್ಚಿದೆ: ತಂತಿಗಳು ವರ್ಷಗಟ್ಟಲೆ ಉಜ್ಜಿ ಮೂಳೆಯಲ್ಲಿ ಗೀರು ಕೊರೆದಿವೆ, ದಾರ ಉದುರಿಹೋಗಿದೆ. ಇದು ದುರಸ್ತಿಯಾಗುವ ಊನ, ಇದಕ್ಕಾಗಿ ಬೆಲೆ ಇಳಿಸಬೇಡಿ. ಬಿರಡೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಡಿ. ತಂತಿಯ ಎಳೆತಕ್ಕೆ ಅದು ಬಿಲ್ಲಿನಂತೆ ಬಾಗಿದ್ದರೆ ನಷ್ಟ ದೊಡ್ಡದು. ಕುದುರೆಯ ಕೆಳಗೆ ತಬಲಿ ಕುಸಿದಿದೆಯೇ, ಮರದಲ್ಲಿ ಹುಳದ ತೂತಿನಿಂದ ಹಿಟ್ಟು ಉದುರುತ್ತಿದೆಯೇ ನೋಡಿ. ಬುರುಡೆ ಸೀಳಿಲ್ಲದಿದ್ದರೆ ನಿಮ್ಮ ಪುಣ್ಯ. ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ ಬೆಳೆಯುವ ದಪ್ಪ ಸಿಪ್ಪೆಯ ಆ ಸೋರೆ, ಬೇಕಾದ ಗಾತ್ರ, ಬೇಕಾದ ದುಂಡಿಗೆ ಸಿಗುವುದು ಅಪರೂಪ. ಬೆಸುಗೆ ಬಿಟ್ಟಿದ್ದರೆ ಗಾಬರಿ ಬೇಡ. ಹಳಬರು ಬಳಸಿದ್ದು ಸರೇಸು, ಬಿಸಿಗೂ ನೀರಿಗೂ ಬಿಟ್ಟುಕೊಳ್ಳುವ ಅಂಟು. ನಿಮ್ಮ ವಾಡೆ ನದಿಗೆ ಹತ್ತಿರವಿದ್ದರೆ 1961ರ ಜುಲೈ 12ರ ಪಾನಶೇತ ಅಣೆಕಟ್ಟು ಒಡೆದ ಪ್ರಳಯದ ನೀರು ಒಳಹೊಕ್ಕಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಬಿಟ್ಟ ಸರೇಸನ್ನು ಮತ್ತೆ ಕೂರಿಸಬಹುದು. ಯಾರೋ ಈಚೆಗೆ ಮೆತ್ತಿದ ರಾಸಾಯನಿಕ ಅಂಟನ್ನು ಬಿಡಿಸಲು ಹೋದರೆ ಮರವೇ ಕಿತ್ತುಬರುತ್ತದೆ.

ಬಿಳಿ ಕುಸುರಿ ಕಂಡು ‘ದಂತ!’ ಎಂದು ಹಿಗ್ಗಬೇಡಿ. ಬಹಳ ಸಲ ಅದು ಸೆಲ್ಯುಲಾಯ್ಡ್. ನಿಜಕ್ಕೂ ದಂತವಾದರೆ ಮಾರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ, ಬೆಲೆ ಏರುವ ಬದಲು ವಾದ್ಯವೇ ಮಾರಲಾಗದ ವಸ್ತುವಾಗುತ್ತದೆ. ಹಳೆಯ ಕುದುರೆ ಜಿಂಕೆಯ ಕೊಂಬಿನದಾದರೂ ಇದೇ ಪೇಚು. ಈಗಿನವರು ಒಂಟೆಯ ಮೂಳೆ ಬಳಸುತ್ತಾರೆ. ವಾದ್ಯಕ್ಕೆ ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡಬರುತ್ತದೆ, ಅಮೆರಿಕದಲ್ಲಿ ಮಗನಿದ್ದರೂ ಅವನಿಗೆ ಪಾರ್ಸೆಲ್ ಮಾಡುವಂತಿಲ್ಲ.

ಸದ್ಯಕ್ಕೆ ತಂತಿ ಸಡಿಲಿಸಿ, ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ, ವಾರ್ನಿಷ್ ಏನೂ ಬೇಡ. ತಗಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಬೆಲೆ ಕೇಳಬೇಕಾದದ್ದು ಜವಾರಿ ತೆಗೆಯುವವರ ಹತ್ತಿರ, ಹಳೇ ಸಾಮಾನಿನ ಅಂಗಡಿಯವರ ಹತ್ತಿರ ಅಲ್ಲ. ಮಾರುವಾಗ ಮೀರಜದ ಹೆಸರಿಗೆ ಒಂದು ಪಾಲು, ನೇರ ದಂಡಿಗೂ ಗಟ್ಟಿ ಬುರುಡೆಗೂ ಎರಡು ಪಾಲು ಹಿಡಿಯಿರಿ. ಕುದುರೆಗೆ ಮಾತ್ರ ಏನೂ ಕೇಳಬೇಡಿ. ಕೊಂಡವರು ಹೇಗಿದ್ದರೂ ತಮ್ಮ ಶ್ರುತಿಗೆ, ತಮ್ಮ ಕಿವಿಗೆ ತಕ್ಕಂತೆ ಅದನ್ನು ಮತ್ತೆ ಉಜ್ಜಿಸಿಕೊಳ್ಳುತ್ತಾರೆ.