ಅತ್ತಾಗ, ಇತ್ತಾಗ, ಹಂತೇಕ: ಜಾಗವನ್ನು ಗುರುತಿಸುವ ಕನ್ನಡದ ಬಗೆ

ಒಂದು ವಸ್ತು ಎಲ್ಲಿದೆ ಎಂಬುದನ್ನು ಹೇಳದ ಭಾಷೆ ಜಗತ್ತಿನಲ್ಲಿ ಇಲ್ಲ. ಆದರೆ ಹೇಳುವ ಕ್ರಮ ಮಾತ್ರ ಭಾಷೆಯಿಂದ ಭಾಷೆಗೆ ಬೇರೆ. ಟರ್ಕಿಯ ಈಶಾನ್ಯಕ್ಕೆ ಕಪ್ಪು ಸಮುದ್ರದ ದಂಡೆಯಲ್ಲಿ ವಾಸಿಸುವ ಲಾಜ್ ಜನರ ಭಾಷೆಯನ್ನು ನೋಡಿ. ಜಾರ್ಜಿಯನ್ ಭಾಷೆಯ ಬಳಗಕ್ಕೆ ಸೇರಿದ ಈ ನುಡಿಯಲ್ಲಿ ಸ್ಥಳದ ಸೂಚನೆಯ ದೊಡ್ಡ ಭಾಗವನ್ನು ಕ್ರಿಯಾಪದವೇ ಹೊರುತ್ತದೆ. ವಸ್ತು ಒಳಗಿದೆಯೇ, ಮೇಲಿದೆಯೇ, ಚಲನೆ ಮಾತನಾಡುವವನ ಕಡೆಗೋ ಅವನಿಂದ ದೂರಕ್ಕೋ ಎಂಬುದನ್ನು ಕ್ರಿಯಾಪದದ ಮುಂದೆ ಸೇರುವ ಉಪಸರ್ಗಗಳು ತಿಳಿಸುತ್ತವೆ. ಕನ್ನಡದ ಹಾದಿ ಇದಕ್ಕೆ ವಿರುದ್ಧವಾದುದು. ನಮ್ಮಲ್ಲಿ ಕ್ರಿಯಾಪದ ಹಾಗೆಯೇ ಉಳಿಯುತ್ತದೆ. ಸ್ಥಳದ ಭಾರ ನಾಮಪದದ ಕೊನೆಗೆ ಬೀಳುತ್ತದೆ.

ಈ ವ್ಯವಸ್ಥೆ ಕೇವಲ ವ್ಯಾಕರಣ ಪುಸ್ತಕದ ವಿಷಯವಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಲ್ಲಿ ಹೊಲದ ಗಡಿ, ಮನೆಯ ಖರೀದಿ ಪತ್ರ, ಸಾಕ್ಷಿಯ ಹೇಳಿಕೆ ಎಲ್ಲವೂ ಇದೇ ಮಾತುಗಳ ಮೇಲೆ ನಿಂತಿವೆ.

ನಾಲ್ಕು ಊರು, ಒಂದು ಪ್ರತ್ಯಯ

ಶಿಷ್ಟ ಕನ್ನಡದಲ್ಲಿ ಸಪ್ತಮಿ ವಿಭಕ್ತಿಯ ಪ್ರತ್ಯಯ ‘ಅಲ್ಲಿ’. ಈ ಭಾಗದ ಆಡುನುಡಿಯಲ್ಲಿ ಅದರ ಸ್ಥಾನವನ್ನು ‘ಆಗ’ ಎಂಬ ರೂಪ ಪಡೆದಿದೆ. ಇಂಡಿಯಲ್ಲಿ ಎಂಬುದು ‘ಇಂಡ್ಯಾಗ’, ಸಿಂದಗಿಯಲ್ಲಿ ಎಂಬುದು ‘ಸಿಂದಗ್ಯಾಗ’, ಬಾಗೇವಾಡಿಯಲ್ಲಿ ಎಂಬುದು ‘ಬಾಗೇವಾಡ್ಯಾಗ’, ಮುದ್ದೇಬಿಹಾಳದಲ್ಲಿ ಎಂಬುದು ‘ಮುದ್ದೇಬಿಹಾಳದಾಗ’. ಊರ ಹೆಸರು ಇಕಾರದಿಂದ ಮುಗಿದರೆ ‘ಯಾಗ’, ಅಕಾರದಿಂದ ಮುಗಿದರೆ ‘ದಾಗ’. ನಿಯಮ ಇಷ್ಟು ಕಟ್ಟುನಿಟ್ಟಾಗಿರುವಾಗ ಇದನ್ನು ‘ಅಶುದ್ಧ’ ಎನ್ನುವುದು ಸಲ್ಲದು.

ಈ ‘ಆಗ’ ಎಂಬುದು ‘ಒಳಗೆ’ ಎಂಬ ಪದದ ಸವೆದ ರೂಪ ಎಂದು ವಿವರಿಸುವುದುಂಟು. ಹಳಗನ್ನಡದಲ್ಲಿ ಸಪ್ತಮಿಯ ಪ್ರತ್ಯಯವೇ ‘ಒಳ್’ ಆಗಿತ್ತು ಎಂಬುದನ್ನು ನೆನೆದರೆ ಈ ವಿವರಣೆಗೆ ಬಲ ಬರುತ್ತದೆ. ಹೊಸಗನ್ನಡದ ಬರಹ ‘ಅಲ್ಲಿ’ ಎಂಬ ದೂರಸೂಚಕ ಪದವನ್ನೇ ಪ್ರತ್ಯಯವಾಗಿ ಮಾಡಿಕೊಂಡರೆ, ಬಡಗಣ ಸೀಮೆಯ ಮಾತು ‘ಒಳ್’ ಎಂಬ ಹಳೆಯ ಬೇರಿನ ಹತ್ತಿರವೇ ಉಳಿಯಿತು ಎನ್ನಬಹುದು.

ಪ್ರತ್ಯಯ ಸವೆದ ಮೇಲೆ ‘ಒಳಗ’ ಎಂಬ ಪೂರ್ಣ ಪದ ಬೇರೆ ಕೆಲಸಕ್ಕೆ ಉಳಿಯಿತು. ‘ಮನ್ಯಾಗ ಅದಾನ’ ಎಂದರೆ ಆತ ಊರಿಗೆ ಹೋಗಿಲ್ಲ, ಮನೆಯಲ್ಲೇ ಇದ್ದಾನೆ ಎಂದರ್ಥ. ಕಟ್ಟೆಯ ಮೇಲೆ ಕುಳಿತಿದ್ದರೂ ಮಾತು ಸುಳ್ಳಲ್ಲ. ‘ಮನಿ ಒಳಗ ಅದಾನ’ ಎಂದರೆ ಹೊಸ್ತಿಲ ಆಚೆ, ಗೋಡೆಗಳ ನಡುವೆಯೇ ಇದ್ದಾನೆ. ಶಿಷ್ಟ ಭಾಷೆಗೆ ತರುವಾಗ ಎರಡನ್ನೂ ‘ಮನೆಯಲ್ಲಿದ್ದಾನೆ’ ಎಂದು ಬರೆದರೆ ಈ ಭೇದ ಅಳಿಸಿಹೋಗುತ್ತದೆ. ಘಟನೆ ನಡೆದಾಗ ವ್ಯಕ್ತಿ ಎಲ್ಲಿದ್ದ ಎಂಬುದೇ ಮುಖ್ಯವಾಗುವ ಹೇಳಿಕೆಯೊಂದರಲ್ಲಿ ಇದು ಸಣ್ಣ ಲೋಪವಲ್ಲ.

ಹತ್ತಿರ, ದೂರ, ನಡುವಿನದು

ಹಳಗನ್ನಡದಲ್ಲಿ ಸಮೀಪಕ್ಕೆ ‘ಇವಂ’, ದೂರಕ್ಕೆ ‘ಅವಂ’ ಎಂಬ ಎರಡಲ್ಲದೆ ನಡುವಿನ ಅಂತರಕ್ಕೆ ‘ಉವಂ’ ಎಂಬ ಮೂರನೆಯ ರೂಪವೂ ಇತ್ತು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಹಳಗನ್ನಡದ ಇಂಥ ರೂಪಗಳನ್ನು ಕ್ರಮಬದ್ಧವಾಗಿ ವಿವರಿಸಿದ ಗ್ರಂಥ. ನಡುವಿನ ಆ ರೂಪವನ್ನು ಹೊಸಗನ್ನಡ ಕಳೆದುಕೊಂಡಿತು. ಇಂದು ನಮಗುಳಿದಿರುವುದು ‘ಇಲ್ಲಿ’ ಮತ್ತು ‘ಅಲ್ಲಿ’ ಮಾತ್ರ.

ಈ ಕೊರತೆಯನ್ನು ಆಡುನುಡಿ ಬೇರೆ ಪದಗಳಿಂದ ತುಂಬಿಕೊಂಡಿದೆ. ‘ನನ್ನ ಹಂತೇಕ’ ಎಂದರೆ ನನ್ನ ಬಳಿ. ‘ಬಾಜೂಕ’ ಎಂದರೆ ಪಕ್ಕಕ್ಕೆ. ಇದು ಮರಾಠಿಯ ನೆರೆಯಿಂದ ಬಂದ ಪದ. ‘ಅತ್ತಾಗ’, ‘ಇತ್ತಾಗ’ ಎಂಬವು ನಿಂತ ಜಾಗವನ್ನಲ್ಲ, ಮುಖ ಮಾಡಿದ ದಿಕ್ಕನ್ನು ಹೇಳುತ್ತವೆ. ಹಳಗನ್ನಡದ ‘ಅತ್ತ’, ‘ಇತ್ತ’ ಅವುಗಳಲ್ಲಿ ಜೀವಂತವಾಗಿವೆ. ‘ಆಚಿ ಕಡಿ’, ‘ಈಚಿ ಕಡಿ’ ಎಂಬವಕ್ಕೆ ನಡುವೆ ಒಂದು ಗೆರೆ ಬೇಕು. ಹೊಳೆ, ಹಳ್ಳ, ರಸ್ತೆ, ಬದು, ಗೋಡೆ ಇಂಥ ಯಾವುದಾದರೂ ಗೆರೆ ಇಲ್ಲದೆ ಈ ಮಾತು ಹುಟ್ಟುವುದಿಲ್ಲ.

ಜಿಲ್ಲೆಯ ಉತ್ತರದ ಅಂಚಿನಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ. ಹೀಗೆ ಹೊಳೆಗಳ ನಡುವಿನ ಸೀಮೆಯಲ್ಲಿ ಈ ಜೋಡಿ ಪದಗಳಿಗೆ ಎಷ್ಟು ಕೆಲಸವಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಅವುಗಳ ಅರ್ಥ ಮಾತನಾಡುವವನು ನಿಂತ ದಂಡೆಯನ್ನು ಅವಲಂಬಿಸಿದೆ. ಮುದ್ದೇಬಿಹಾಳದ ಕಡೆಯವನಿಗೆ ಕೃಷ್ಣೆಯ ಆಚೆ ಎಂದರೆ ದಕ್ಷಿಣ; ಅದೇ ಮಾತನ್ನು ಎದುರು ದಂಡೆಯವನು ಹೇಳಿದರೆ ಉತ್ತರ. ಮಾತನಾಡುವಾಗ ಇದು ತೊಡಕಲ್ಲ. ಬರೆದು ಇಟ್ಟಾಗ, ಬರೆದವನು ಎಲ್ಲಿದ್ದ ಎಂಬುದು ಮರೆತುಹೋದಾಗ ತೊಡಕು ಆರಂಭವಾಗುತ್ತದೆ.

ಎಡ–ಬಲವೋ, ಮೂಡಣ–ಪಡುವಣವೋ

ಜಗತ್ತಿನ ಭಾಷೆಗಳು ಸ್ಥಳವನ್ನು ಗುರುತಿಸಲು ಮುಖ್ಯವಾಗಿ ಮೂರು ಬಗೆಯ ಚೌಕಟ್ಟುಗಳನ್ನು ಬಳಸುತ್ತವೆ ಎಂದು ಭಾಷಾವಿಜ್ಞಾನಿ ಸ್ಟೀಫನ್ ಲೆವಿನ್ಸನ್ ಹಾಗೂ ಅವರ ಸಂಗಡಿಗರು ವಿವರಿಸಿದ್ದಾರೆ. ನೋಡುವವನ ಎಡ–ಬಲವನ್ನು ಆಧರಿಸುವುದು ಒಂದು. ವಸ್ತುವಿನದೇ ಮುಂಭಾಗ–ಹಿಂಭಾಗವನ್ನು ಆಧರಿಸುವುದು ಇನ್ನೊಂದು. ಪೂರ್ವ, ಪಶ್ಚಿಮಗಳಂಥ ಬದಲಾಗದ ದಿಕ್ಕುಗಳನ್ನು ಆಧರಿಸುವುದು ಮೂರನೆಯದು. ಆಸ್ಟ್ರೇಲಿಯಾದ ಗೂಗು ಯಿಮಿದಿರ್ ಭಾಷೆ ಕೈಯಳತೆಯ ವಸ್ತುಗಳಿಗೂ ದಿಕ್ಕುಗಳನ್ನೇ ಬಳಸುವುದಕ್ಕೆ ಹೆಸರಾಗಿದೆ. ಕನ್ನಡದ ಸೋದರ ಭಾಷೆ ತಮಿಳಿನಲ್ಲಿ ಹಳ್ಳಿಯ ಜನ ದಿಕ್ಕುಗಳ ಕಡೆಗೂ ಪಟ್ಟಣದವರು ಎಡ–ಬಲಗಳ ಕಡೆಗೂ ವಾಲುತ್ತಾರೆ ಎಂಬುದನ್ನು ಎರಿಕ್ ಪೆಡರ್ಸನ್ 1990ರ ದಶಕದಲ್ಲಿ ತೋರಿಸಿದರು.

ಕನ್ನಡದಲ್ಲಿ ಮೂರೂ ಚೌಕಟ್ಟುಗಳಿವೆ. ನೊಗದ ಎಡಕ್ಕೆ ಕಟ್ಟುವ ಎತ್ತು ಬಂಡಿ ಯಾವ ಕಡೆ ತಿರುಗಿದರೂ ಎಡದ ಎತ್ತೇ. ಅದು ವಸ್ತುವಿನದೇ ಎಡ. ‘ಗಿಡದ ಹಿಂದೆ’ ಎಂದಾಗ ಗಿಡಕ್ಕೆ ಬೆನ್ನಿಲ್ಲವಾದುದರಿಂದ ನೋಡುವವನ ದೃಷ್ಟಿಯೇ ಆಧಾರ. ‘ಗುಡಿಯ ಮುಂದೆ’ ಎಂದಾಗ ಗುಡಿಯ ಬಾಗಿಲೇ ಆಧಾರ. ನಾವು ಎಲ್ಲಿ ನಿಂತಿದ್ದೇವೆ ಎಂಬುದು ಲೆಕ್ಕಕ್ಕಿಲ್ಲ. ಇನ್ನು ಹೊಲ, ಜಮೀನಿನ ಮಾತು ಬಂದಾಗ ದಿಕ್ಕುಗಳೇ ಪ್ರಮಾಣ.

ದಿಕ್ಕುಗಳ ಅಚ್ಚಗನ್ನಡ ಹೆಸರುಗಳಲ್ಲಿ ಎರಡು ಸೂರ್ಯನ ನಡೆಯಿಂದ ಬಂದವು. ಹೊತ್ತು ಮೂಡುವ ಕಡೆ ಮೂಡಣ, ಹೊತ್ತು ಪಡುವ, ಅಂದರೆ ಮುಳುಗುವ, ಕಡೆ ಪಡುವಣ. ತೆಂಕಣ ದಕ್ಷಿಣ, ಬಡಗಣ ಉತ್ತರ. ತೆಂಕುತಿಟ್ಟು, ಬಡಗುತಿಟ್ಟು, ಮೂಡಲಪಾಯ ಎಂಬ ಆಟದ ಹೆಸರುಗಳಲ್ಲಿ ನಗರದ ಓದುಗರೂ ಇವುಗಳನ್ನು ಬಲ್ಲರು. ಕನ್ನಡ ಶಾಸನಗಳಲ್ಲಿ ದಾನವಾಗಿ ಕೊಟ್ಟ ಭೂಮಿಯ ಎಲ್ಲೆಯನ್ನು ಈ ದಿಕ್ಕುಗಳ ಕ್ರಮದಲ್ಲಿ, ಕಲ್ಲು, ಮರ, ಹಳ್ಳಗಳನ್ನು ಹೆಸರಿಸಿ ಹೇಳುವ ಪದ್ಧತಿಯನ್ನು ಕಾಣುತ್ತೇವೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಪ್ರಸಿದ್ಧ ಶಾಸನವಿದ್ದು, ಅಲ್ಲಿನ ವಿದ್ಯಾಶಾಲೆಗೆ ಭೂಮಿ ಬಿಟ್ಟುದನ್ನು ದಾಖಲಿಸುತ್ತದೆ. ಭೂಮಿ ಕೊಟ್ಟರೆ ಅದು ಎಲ್ಲಿದೆ ಎಂಬುದನ್ನು ಬರೆದಿಡಬೇಕೆಂಬ ಅಗತ್ಯ ಅಂದಿಗೂ ಇಂದಿಗೂ ಒಂದೇ.

ಚಕ್ಕುಬಂದಿಯ ಕನ್ನಡ

ಆ ಪರಂಪರೆಯ ಇಂದಿನ ರೂಪವೇ ಖರೀದಿ ಪತ್ರದ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಗಾಂವಠಾಣ ಎಂದು ನಾಲ್ಕು ಸಾಲು. 1908ರ ನೋಂದಣಿ ಕಾಯ್ದೆಯ 21ನೆಯ ಕಲಮು ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರಣೆ ಇರಬೇಕೆನ್ನುತ್ತದೆ. ಪಟ್ಟಣದ ಮನೆ ರಸ್ತೆಯ ಯಾವ ದಿಕ್ಕಿಗಿದೆ ಎಂಬುದನ್ನೂ, ಜಮೀನಾದರೆ ಅದಕ್ಕೆ ತಾಗಿದ ದಾರಿ ಮತ್ತು ಸ್ವತ್ತುಗಳನ್ನೂ ಹೇಳಬೇಕೆಂದು ವಿಧಿಸುತ್ತದೆ. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚಿನ ಬೆಲೆ ಕೊಡುತ್ತವೆ. ಅಂದರೆ ಎಕರೆ–ಗುಂಟೆಗಳ ಅಂಕಿಗಿಂತ ‘ಪಶ್ಚಿಮಕ್ಕೆ ಹಳ್ಳ’ ಎಂಬ ಎರಡು ಪದ ಹೆಚ್ಚು ತೂಗಬಹುದು.

ಆ ಹಳ್ಳವೇ ಇಲ್ಲವಾದರೆ? 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಜಲಾಶಯದ ಹಿನ್ನೀರು ಕೃಷ್ಣೆಯ ದಂಡೆಯ ಅನೇಕ ಊರುಗಳನ್ನು ಎತ್ತಂಗಡಿ ಮಾಡಿಸಿತು. ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕೊಲ್ಹಾರ ಅವುಗಳಲ್ಲೊಂದು. ಊರು ಸ್ಥಳಾಂತರವಾದಾಗ ಹೆಸರು ಜೊತೆಗೆ ಹೋಗುತ್ತದೆ. ‘ಅಗಸಿ ಮುಂದೆ’, ‘ಹೊಳಿ ದಂಡಿ’, ‘ಗುಡಿ ಹಿಂದೆ’ ಎಂಬ ಮಾತುಗಳಿಗೆ ಆಧಾರವಾಗಿದ್ದ ಅಗಸಿ, ದಂಡೆ, ಗುಡಿ ಹಿಂದೆ ಉಳಿಯುತ್ತವೆ. ಪುನರ್ವಸತಿ ಕೇಂದ್ರದ ಬಡಾವಣೆಯಲ್ಲಿ ನಿವೇಶನಕ್ಕೆ ಸಂಖ್ಯೆ ಬರುತ್ತದೆ. ಸಂಖ್ಯೆ ನಿಖರ, ನಿಜ. ಆದರೆ ಅದು ಪಕ್ಕದ ಮನೆ ಯಾವುದೆಂದು ತಾನಾಗಿ ಹೇಳುವುದಿಲ್ಲ.

ಊರುಗಳ ಹೆಸರೂ ಒಂದನ್ನೊಂದು ಆಧರಿಸಿಯೇ ನಿಂತಿವೆ. ಹಿರೇಬೇವನೂರ ಇರುವುದರಿಂದ ಚಿಕ್ಕಬೇವನೂರ. ಹೂವಿನ ಹಿಪ್ಪರಗಿಯಿಂದ ಬೇರೆಯೆಂದು ತೋರಿಸಲು ದೇವರ ಹಿಪ್ಪರಗಿ. ಬಾಗೇವಾಡಿಗಳು ಹಲವು, ಬಸವಣ್ಣನ ಹೆಸರು ಸೇರಿದಾಗ ಈ ಊರು ಯಾವುದೆಂಬ ಸಂದೇಹ ಉಳಿಯುವುದಿಲ್ಲ.

ಉಪಯೋಗವೇನು?

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಸಂಸ್ಕೃತದ ಅಚ್ಚಿನ ವ್ಯಾಕರಣ ಹೊಂದದು, ಕನ್ನಡದ್ದೇ ವ್ಯಾಕರಣ ಬೇಕು ಎಂದು ವಾದಿಸಿದರು. ಏಳು ವಿಭಕ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ‘ಮನ್ಯಾಗ’ ಮತ್ತು ‘ಮನಿ ಒಳಗ’ಗಳ ಭೇದವನ್ನು ಯಾವ ಪಾಠವೂ ಹೇಳಿಕೊಡದಿರುವುದನ್ನು ನೋಡಿದರೆ ಆ ವಾದದ ಮಹತ್ವ ಅರಿವಾಗುತ್ತದೆ. ಮಗು ಮನೆಯಿಂದ ತಂದ ನಿಖರವಾದ ಮಾತನ್ನು ತಪ್ಪೆಂದು ತಿದ್ದಿ, ಅದಕ್ಕಿಂತ ಅಸ್ಪಷ್ಟವಾದುದನ್ನು ಕಲಿಸಿದಂತಾಗುತ್ತದೆ.

ಇತ್ತೀಚೆಗೆ ಮೊಬೈಲ್ ನಕ್ಷೆಗಳು ಅಕ್ಷಾಂಶ, ರೇಖಾಂಶಗಳನ್ನು ಕೈಗೆ ಕೊಟ್ಟಿವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಗಳ ವಸತಿ ಪ್ರದೇಶವನ್ನು ಡ್ರೋನ್ ಮೂಲಕ ಅಳೆಯಲಾಗುತ್ತಿದೆ. ಇವು ಸ್ವಾಗತಾರ್ಹ. ಆದರೆ ತೋಟದ ವಸ್ತಿಯಿಂದ ರಾತ್ರಿ ಆಂಬುಲೆನ್ಸ್‌ಗೆ ಕರೆ ಮಾಡುವವರು ಅಕ್ಷಾಂಶ ಹೇಳುವುದಿಲ್ಲ. ‘ಕೆನಾಲ್ ಆಚಿ ಕಡಿ, ಬೇವಿನ ಗಿಡದ ಬಾಜೂಕ’ ಎನ್ನುತ್ತಾರೆ. ಕರೆ ಸ್ವೀಕರಿಸುವವರು ‘ನೀವು ಯಾವ ಕಡೆಯಿಂದ ನೋಡಿ ಆಚೆ ಅನ್ನುತ್ತೀರಿ?’ ಎಂದು ಮರುಪ್ರಶ್ನೆ ಕೇಳಲು ಕಲಿತರೆ ಅಮೂಲ್ಯವಾದ ನಿಮಿಷಗಳು ಉಳಿದಾವು.

ಖರೀದಿ ಪತ್ರ ಬರೆಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ‘ಆಚೆ’, ‘ಹಿಂದೆ’, ‘ಬಲಕ್ಕೆ’ ಎಂಬ ಪದ ಬಂದಲ್ಲೆಲ್ಲ ಎಲ್ಲಿಂದ ಎಂಬುದನ್ನು ಸೇರಿಸಿ, ದಿಕ್ಕಿನ ಹೆಸರನ್ನೂ ಬರೆಸಬೇಕು. ಹಳ್ಳ, ಮರ, ಬಂಡಿದಾರಿಗಳ ಜೊತೆಗೆ ಸರ್ವೆ ನಂಬರ್, ಹಿಸ್ಸಾ ನಂಬರ್‌ಗಳೂ ಇರಬೇಕು. ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವವರು ಸ್ಥಳದ ಪದವನ್ನು ಆತ ಆಡಿದ ರೂಪದಲ್ಲೇ ಮೊದಲು ಬರೆದು, ಶಿಷ್ಟ ರೂಪವನ್ನು ಅನಂತರ ಸೇರಿಸುವುದು ಒಳಿತು. ಗೆರೆಯ ಈಚೆಗೋ ಆಚೆಗೋ ಎಂಬ ಒಂದು ಪದದ ಮೇಲೆ ಒಂದು ಕುಟುಂಬದ ಅರ್ಧ ಎಕರೆ ನಿಂತಿರಲು ಸಾಧ್ಯ.