ಮೀನು ಹೀಟರ್ ಒಡೆದರೆ ಕೆರೆಗೇಕೆ ಶಿಕ್ಷೆ?

"ಈ ಮೀನು ಸಾಕಾಗೋಗಿದೆ, ಯಾರಾದ್ರೂ ತಗೋತೀರಾ?" ಅಕ್ವೇರಿಯಂ ಇಟ್ಟವರ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಹೊಸದೇನಲ್ಲ. ಮೀನು ಬಹುಪಾಲು ಆಸ್ಕರ್, ಫ್ಲವರ್‌ಹಾರ್ನ್ ಅಥವಾ ಸಕ್ಕರ್. ದೂರುಗಳೂ ಅವೇ: ಹೀಟರ್ ಒಡೀತು, ಫಿಲ್ಟರ್ ಕಿತ್ತು ಹಾಕ್ತು. ತಗೊಳ್ಳೋರು ಸಿಗದಿದ್ದರೆ ಕೆಲವರು ಅದನ್ನು ಬಕೆಟ್‌ಗೆ ಹಾಕಿ ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. "ಪಾಪ, ಬದುಕಿಕೊಳ್ಳಲಿ" ಎಂಬ ಸಮಾಧಾನ ಬೇರೆ.

ನಾಲ್ಕಡಿ ಟ್ಯಾಂಕಿನಲ್ಲಿ ಆಸ್ಕರ್ ಸಾಕುತ್ತಿರುವ ನನ್ನ ಅಭಿಪ್ರಾಯ ಇಷ್ಟೇ: ಟ್ಯಾಂಕ್ ಸರಿಯಾಗಿ ಜೋಡಿಸಿದರೆ ಈ ದೂರುಗಳಲ್ಲಿ ಬಹಳಷ್ಟು ಹುಟ್ಟುವುದೇ ಇಲ್ಲ. ಹೀಟರ್ ಕಾಪಾಡುವುದು ಕೆರೆ ಕಾಪಾಡುವುದರ ಮೊದಲ ಹೆಜ್ಜೆ.

ಒಡೆಯೋದು ಯಾಕೆ?

ಆಸ್ಕರ್ ಅಮೆಜಾನ್ ಸೀಮೆಯ ಮೀನು. ಅಂಗಡಿಯಲ್ಲಿ ಎರಡಿಂಚಿನ ಮುದ್ದು ಮರಿ. ಚೆನ್ನಾಗಿ ಬೆಳೆದರೆ ಒಂದಡಿ. ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮನುಷ್ಯರೇ ರೂಪಿಸಿದ ಮಿಶ್ರತಳಿ. ಎರಡೂ ಸಿಕ್ಲಿಡ್ ಕುಟುಂಬದವು. ಇವು ಜಾಗದ ಮೇಲೆ ಹಕ್ಕು ಸಾಧಿಸುತ್ತವೆ. ಮೊಟ್ಟೆ ಇಡುವ ಮುನ್ನ ನೆಲ ಅಗೆದು, ಕಲ್ಲು ಸ್ವಚ್ಛ ಮಾಡಿ, ಅಡ್ಡ ಇದ್ದದ್ದನ್ನು ಬಾಯಲ್ಲಿ ಕಚ್ಚಿ ಎಳೆದು ಹಾಕುತ್ತವೆ. ನಮಗದು ಹೀಟರ್, ಅವಕ್ಕೆ ಅಂಗಳದಲ್ಲಿ ಯಾರೋ ನೆಟ್ಟ ಕಂಬ. ಸಕ್ಕರ್ ಹಾಗಲ್ಲ, ಅದು ದೊಡ್ಡದಾದ ಮೇಲೆ ಬಾಲ ಬೀಸಿದರೂ ಸಾಕು, ಹೀಟರ್ ಹಿಡಿದಿರುವ ರಬ್ಬರ್ ಕಪ್ ಕಳಚಿಕೊಳ್ಳುತ್ತದೆ. ಪಫರ್ ಮೀನಿನ ಹಲ್ಲು ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪಿನ ಆಹಾರ ಕೊಟ್ಟು ಸವೆಸದಿದ್ದರೆ ಕಷ್ಟ. ವೈರಿಗೂ ಬಾಯಿ ಹಾಕಬಹುದು.

ಏನು ಮಾಡಬೇಕು?

ಮೊದಲು ಹೀಟರ್ ಬೇಕಾ ನೋಡಿ. ಆಸ್ಕರ್‌ಗೆ ಬೇಕಿರುವುದು ಸುಮಾರು 24ರಿಂದ 27 ಡಿಗ್ರಿ. ಬೆಂಗಳೂರಿನ ಚಳಿಗಾಲದಲ್ಲಿ ಹೀಟರ್ ಬೇಕಾಗುತ್ತದೆ, ಮಂಗಳೂರಿನ ಸೆಕೆಯಲ್ಲಿ ವರ್ಷದ ಬಹುಪಾಲು ಬೇಕಾಗಲಿಕ್ಕಿಲ್ಲ.

ಬೇಕೇ ಬೇಕು ಅಂದ್ರೆ, ಮೀನಿನ ಬಾಯಿಗೆ ಸಿಗದ ಕಡೆ ಇಡೋದು ಎಲ್ಲಕ್ಕಿಂತ ಒಳ್ಳೆಯದು. ಟ್ಯಾಂಕಿನ ಕೆಳಗೊಂದು ಸಣ್ಣ ಟ್ಯಾಂಕ್, ಅಂದರೆ ಸಂಪ್ ಇಡಿ. ಮೇಲಿನ ನೀರು ಅಲ್ಲಿಗಿಳಿದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಹೀಟರ್, ಫಿಲ್ಟರ್ ಎರಡೂ ಅಲ್ಲೇ ಇರುತ್ತವೆ. ಅಷ್ಟು ಜಾಗ ಇಲ್ಲದಿದ್ದರೆ ಹೊರಗೆ ಕೂರುವ ಕ್ಯಾನಿಸ್ಟರ್ ಫಿಲ್ಟರ್ ಆದೀತು.

ಒಳಗೇ ಇಡಬೇಕಾದರೆ ಹೀಟರಿಗೆ ಪ್ಲಾಸ್ಟಿಕ್ ಗಾರ್ಡ್ ಹಾಕಿ. ಸಿಗದಿದ್ದರೆ ಹೀಟರಿಗಿಂತ ಅಗಲವಾದ ಪಿವಿಸಿ ಪೈಪಿನ ಸುತ್ತ ತುಂಬಾ ರಂಧ್ರ ಕೊರೆದು ಒಳಗೆ ಕೂರಿಸಿ. ನೀರು ಆಡಬೇಕು, ಹೀಟರ್ ಪೈಪಿಗೆ ತಾಗಬಾರದು. ಪೂರ್ತಿ ಮುಳುಗಿಸಬಹುದಾದ ಹೀಟರ್ ಆದರೆ ತಳದ ಹತ್ತಿರ ಅಡ್ಡಲಾಗಿ ಇಡಿ. ನೀರು ಕಡಿಮೆಯಾದಾಗ ಬಿಸಿ ಗಾಜು ಗಾಳಿಗೆ ಬಂದರೆ ಮೀನು ಮುಟ್ಟದಿದ್ದರೂ ಬಿರುಕು ಬಿಡುತ್ತದೆ. ದುಡ್ಡು ಹೊಂದಿದರೆ ಟೈಟೇನಿಯಂ ಹೀಟರ್ ತಗೊಳ್ಳಿ, ಅದರಲ್ಲಿ ಒಡೆಯೋಕೆ ಗಾಜಿಲ್ಲ.

ಭಾರದ ಕಲ್ಲುಗಳನ್ನು ಮರಳಿನ ಮೇಲಿಡಬೇಡಿ. ಮೊದಲು ಕಲ್ಲು, ಆಮೇಲೆ ಸುತ್ತ ಮರಳು. ಇಲ್ಲದಿದ್ದರೆ ಮೀನು ಅಡಿಯಿಂದ ಅಗೆದಾಗ ಕಲ್ಲು ಉರುಳಿ ಟ್ಯಾಂಕಿನ ಗಾಜಿಗೇ ಬಡಿಯುತ್ತದೆ.

ಒಡೆದ ಹೀಟರ್ ಅಂದರೆ ನೀರಿನೊಳಗೆ 230 ವೋಲ್ಟ್. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದಿರಲಿ, ಹನಿ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಕೈ ಹಾಕುವ ಮುನ್ನ ಪ್ಲಗ್ ತೆಗೆಯಿರಿ.

ಕೊನೆಯದಾಗಿ, ಜಾಗ. ಒಂದು ಆಸ್ಕರ್‌ಗೆ ಸುಮಾರು 300 ಲೀಟರ್ ಲೆಕ್ಕ ಹಿಡಿಯಿರಿ. ಇಕ್ಕಟ್ಟು ಹೆಚ್ಚಿದಷ್ಟೂ ಕಚ್ಚಾಟ ಹೆಚ್ಚು.

ಬೆಲೆ ಕಟ್ಟೋರು ಯಾರು?

ಇಷ್ಟೆಲ್ಲ ತಲೆಬಿಸಿ ಯಾಕೆ, ಕೆರೆಗೆ ಬಿಟ್ರೆ ಆಯ್ತಲ್ಲ ಅನ್ನುವವರು ಸಕ್ಕರ್ ಮೀನಿನ ಕತೆ ಕೇಳಬೇಕು. ದಕ್ಷಿಣ ಅಮೆರಿಕದಿಂದ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಬಂದ ಇದು ಇವತ್ತು ಪೂರ್ವ ಕೋಲ್ಕತ್ತಾದ ಜೌಗು ಪ್ರದೇಶದಿಂದ ದಕ್ಷಿಣದ ಕೆರೆಗಳವರೆಗೆ ಹರಡಿದೆ. ಮೈಮೇಲೆ ಕವಚ, ರೆಕ್ಕೆಯಲ್ಲಿ ಮುಳ್ಳು. ನೀರಿನಲ್ಲಿ ಆಮ್ಲಜನಕ ಕಮ್ಮಿಯಾದರೆ ಗಾಳಿ ನುಂಗಿ ಬದುಕುತ್ತದೆ, ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತ್ತು. ಅದು ಈಜಿಕೊಂಡು ಬಂದಿರಲು ಸಾಧ್ಯವಿಲ್ಲ, ಅಲ್ವಾ?

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 62ಎ ಸೆಕ್ಷನ್ ಸೇರಿಸಿತು. ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರ ಈಗ ಕೇಂದ್ರ ಸರ್ಕಾರಕ್ಕಿದೆ. ಆದರೆ ಕಾಯ್ದೆ ಅಂಗಡಿಯ ಗಾಜಿನವರೆಗೂ ಬರಬೇಕು. ಮರಿ ಮಾರುವಾಗ ಪೂರ್ತಿ ಬೆಳೆದ ಮೀನಿನ ಅಳತೆಯನ್ನು ಬೋರ್ಡಿನಲ್ಲಿ ಬರೆಯಬೇಕು, ಸಾಕಲಾಗದೆ ತಂದುಕೊಟ್ಟರೆ ವಾಪಸ್ ತಗೋಬೇಕು ಎಂಬ ನಿಯಮ ಬರಲಿ. ನಾವು ಕೇಳಬೇಕಾದದ್ದು ಇದನ್ನೇ.

ಅಲ್ಲಿಯವರೆಗೆ, ಸಾಕಲು ಆಗದಿದ್ದರೆ ಅಂಗಡಿಗೆ ಅಥವಾ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಕೆರೆ, ನದಿ, ಕಾಲುವೆ ಯಾವುದಕ್ಕೂ ಬಿಡಬೇಡಿ. ಹೀಟರ್ ಒಡೆದರೆ ನಷ್ಟ ನಮ್ಮದು, ಹೊಸದು ತರಬಹುದು. ಕೆರೆಯ ಮೀನನ್ನೇ ನಂಬಿ ಬದುಕುವವರ ಬಲೆ ಹರಿದರೆ ಆ ನಷ್ಟ ತುಂಬಿಕೊಡಲು ನಮ್ಮಲ್ಲಿ ಯಾರೂ ಅಲ್ಲಿ ನಿಂತಿರುವುದಿಲ್ಲ.