ಗಾಳ ಕಚ್ಚದ ಮೀನಿನ ಲೆಕ್ಕಾಚಾರ

ಅಮೆರಿಕದ ಇಲಿನಾಯ್ ರಾಜ್ಯದ ಚಾರ್ಲ್ಸ್‌ಟನ್ ಪಟ್ಟಣದ ಬಳಿ ರಿಡ್ಜ್ ಲೇಕ್ ಎಂಬ ಪುಟ್ಟ ಕೆರೆ ಇದೆ. 1970ರ ದಶಕದಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ಮೊದಲೇ ಸಮಯ ಗೊತ್ತುಮಾಡಿಕೊಂಡವರು ಬಂದು ಗಾಳ ಹಾಕಬಹುದು. ಆದರೆ ಸಿಕ್ಕ ಪ್ರತಿಯೊಂದು ಬಾಸ್ ಮೀನನ್ನೂ ಅಳೆದು, ಗುರುತುಪಟ್ಟಿ ಸಿಕ್ಕಿಸಿ, ಮರಳಿ ನೀರಿಗೇ ಬಿಡಬೇಕು. ನಾಲ್ಕು ವರ್ಷಗಳ ನಂತರ ಕೆರೆಯ ನೀರನ್ನೆಲ್ಲ ಹೊರಬಿಟ್ಟು ಎಣಿಸಿದರು. 1,700ಕ್ಕೂ ಹೆಚ್ಚು ಮೀನುಗಳು ಸಿಕ್ಕವು. ಅವುಗಳಲ್ಲಿ ಸುಮಾರು 200 ಮೀನುಗಳು ಆ ನಾಲ್ಕು ವರ್ಷವೂ ಅದೇ ಕೆರೆಯಲ್ಲಿದ್ದು ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಇನ್ನೊಂದು ಮೀನು ಮೊದಲ ಎರಡೇ ದಿನಗಳಲ್ಲಿ ಮೂರು ಸಲ ಸಿಕ್ಕಿಬಿದ್ದಿತ್ತು.

ಸುಲಭವಾಗಿ ಸಿಗುವ ಮೀನುಗಳ ಮತ್ತು ಸಿಗದ ಮೀನುಗಳ ಮರಿಗಳನ್ನು ಸಂಶೋಧಕ ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಬೇರೆ ಬೇರೆಯಾಗಿ ಬೆಳೆಸಿದರು. ತಲೆಮಾರಿನಿಂದ ತಲೆಮಾರಿಗೆ ಎರಡೂ ಬಳಗಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಗಾಳಕ್ಕೆ ಬೀಳುವ ಸ್ವಭಾವ ಭಾಗಶಃ ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದು ಹೀಗೆ ಸಾಬೀತಾಯಿತು. ಕೊಳದ ದಡದಲ್ಲಿ ಬೆಳಗಿನಿಂದ ನಿಂತರೂ ಒಂದು ಮೀನೂ ಕಚ್ಚಲಿಲ್ಲವೆಂದರೆ ಮೀನೇ ಇಲ್ಲ ಎಂದುಕೊಳ್ಳಬೇಕಿಲ್ಲ. ಮೀನು ಕಣ್ಣಳತೆಯಲ್ಲೇ ಇದ್ದೀತು. ಬಾಯಿ ತೆರೆಯುವುದು ಆ ಹೊತ್ತಿಗೆ ಅದಕ್ಕೆ ಲಾಭದ ಬಾಬ್ತಲ್ಲ, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನಿನ ವಿಚಾರ. ಸನ್‌ಫಿಶ್ ಕುಟುಂಬದ ಈ ಮೀನಿನ ತವರು ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗ. ಹಸಿರು ಬಣ್ಣದ ಮೈ, ಪಕ್ಕದಲ್ಲಿ ಉದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನ ಹಿಂಬದಿಯನ್ನೂ ದಾಟುವ ಮೇಲ್ದವಡೆ ಇದರ ಗುರುತು. ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರಿ ಹಿಡಿದ ಬಾಸ್ ಸುಮಾರು 10 ಕಿಲೋ ತೂಗಿತ್ತು. ಆ ವಿಶ್ವದಾಖಲೆಯನ್ನು ಸರಿಗಟ್ಟಲು 2009ರವರೆಗೆ ಕಾಯಬೇಕಾಯಿತು. ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ನಡೆಸಿದ ಪ್ರಯೋಗಗಳ ಬಳಿಕ, ಹೊಲದ ಹೊಂಡಗಳಲ್ಲಿ ಬ್ಲೂಗಿಲ್ ಎಂಬ ಚಿಕ್ಕ ಮೀನಿನ ಜೊತೆ ಬಾಸ್ ಬಿಡುವ ಪದ್ಧತಿ ಅಮೆರಿಕದ ತುಂಬ ಹಬ್ಬಿತು. ಬ್ಲೂಗಿಲ್ ಹುಳುಹುಪ್ಪಟೆ ತಿನ್ನುತ್ತದೆ, ಬಾಸ್ ಬ್ಲೂಗಿಲ್ ಮರಿಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಸಂಜೆ ವಾಕಿಂಗ್ ಹೋಗುವ ಬಡಾವಣೆಯ ಕೊಳಗಳಲ್ಲೂ ಬಹಳಷ್ಟು ಕಡೆ ಇದೇ ಜೋಡಿ ಇರುತ್ತದೆ.

ಬಾಸ್ ಅಟ್ಟಿಸಿಕೊಂಡು ಹೋಗುವ ಬೇಟೆಗಾರನಲ್ಲ, ಹೊಂಚು ಹಾಕುವ ಬೇಟೆಗಾರ. ಮುಳುಗಿದ ಮರ, ಜೊಂಡಿನ ಅಂಚು ಅಥವಾ ಕಟ್ಟೆಯ ನೆರಳಿನಲ್ಲಿ ಅಲುಗಾಡದೆ ನಿಂತಿರುತ್ತದೆ. ಬೇಟೆ ಹತ್ತಿರ ಬಂದಾಗ ಬಾಯಿಯನ್ನೂ ಕಿವಿರಿನ ಗೂಡನ್ನೂ ಒಮ್ಮೆಲೇ ಅಗಲಿಸುತ್ತದೆ. ಬಾಯೊಳಗಿನ ಒತ್ತಡ ಥಟ್ಟನೆ ಕುಸಿದು, ಸುತ್ತಲಿನ ನೀರು ಬೇಟೆಯ ಸಮೇತ ಒಳಕ್ಕೆ ನುಗ್ಗುತ್ತದೆ. ನೀರು ಕಿವಿರಿನ ಕಡೆಯಿಂದ ಹೊರಹೋಗುತ್ತದೆ, ಬೇಟೆ ಒಳಗೇ ಉಳಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಬಾಯಿಗೆ ಬಂದದ್ದು ತಿನ್ನುವ ವಸ್ತುವಲ್ಲ ಅನ್ನಿಸಿದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಮೀನು ಸರಿಯಾಗಿ ಕಚ್ಚದ ಮಂದ ದಿನಗಳಲ್ಲಿ ದಾರದಲ್ಲಿ ಸಣ್ಣದೊಂದು ತಟ್ಟು ತಿಳಿದು, ಎಳೆದು ನೋಡಿದರೆ ಗಾಳ ಖಾಲಿಯಾಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಂಥ ಬೇಟೆಗಾರನಿಗೆ ಒಂದೊಂದು ಹಾರಿಕೆಯೂ ಖರ್ಚು. ಸಿಗುವ ಆಹಾರ ಆ ಖರ್ಚಿಗಿಂತ ಹೆಚ್ಚಿರಬೇಕು. ಆದಾಯ-ವೆಚ್ಚದ ಈ ಲೆಕ್ಕವನ್ನು ನಿರ್ಧರಿಸುವುದು ನೀರಿನ ಉಷ್ಣತೆ. ಬಾಸ್ ಶೀತರಕ್ತ ಪ್ರಾಣಿ. ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಅದು ಚೆನ್ನಾಗಿ ತಿಂದು ಚೆನ್ನಾಗಿ ಬೆಳೆಯುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಅದರ ದೇಹದ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರೇ 10 ಡಿಗ್ರಿಗಿಂತ ತಣ್ಣಗಾದರೆ, ನುಂಗಿದ ಒಂದು ಮೀನನ್ನು ಅರಗಿಸಿಕೊಳ್ಳಲು ದಿನಗಟ್ಟಲೆ ಬೇಕು. ಹೊಟ್ಟೆ ತುಂಬಿರುವಾಗ ಮತ್ತೊಂದು ಬೇಟೆಗೆ ಅದು ಯಾಕೆ ಹಾರೀತು?

ಬೇಸಿಗೆಯ ಕಷ್ಟ ಬೇರೆ. ಬಿಸಿ ಏರಿದಂತೆ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಆಳದ ಕೊಳಗಳಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರಗಟ್ಟಿ ಎರಡೂ ಬೆರೆಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿನ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಹಾಗಾಗಿ ನಡುಬೇಸಿಗೆಯಲ್ಲಿ ತಣ್ಣಗಿರಲೆಂದು ಮೀನು ತಳಕ್ಕೆ ಹೋಗಿರುತ್ತದೆ ಎಂದು ತಿಳಿದು ಕೊಳದ ಮಧ್ಯಕ್ಕೆ ಗಾಳ ಎಸೆಯುವುದು ಹಲವು ಕೊಳಗಳಲ್ಲಿ ವ್ಯರ್ಥ. ಮೀನು ಮೇಲಿನ ಪದರದಲ್ಲೇ, ನೆರಳಿರುವ ಜಾಗದಲ್ಲೋ ಹೊಸ ನೀರು ಬಂದು ಸೇರುವ ಕಡೆಯೋ ಇರುತ್ತದೆ. ದಡದಲ್ಲಿ ನಿಂತವನಿಗೆ ಇದು ಅನುಕೂಲವೇ.

ಹವಾಮಾನ ಬದಲಾದ ಮರುದಿನ ಮೀನು ಕಚ್ಚುವುದಿಲ್ಲ, ಅದಕ್ಕೆ ವಾಯುಭಾರ ಏರಿದ್ದೇ ಕಾರಣ ಎಂಬ ನಂಬಿಕೆ ಬಲವಾಗಿದೆ. ಭೌತಶಾಸ್ತ್ರದ ಲೆಕ್ಕ ಇದನ್ನು ಒಪ್ಪುವುದಿಲ್ಲ. ಒಂದು ಮೀಟರ್ ಆಳಕ್ಕೆ ಇಳಿದರೆ ನೀರಿನ ಒತ್ತಡ ಸುಮಾರು 98 ಹೆಕ್ಟೋಪಾಸ್ಕಲ್ ಹೆಚ್ಚುತ್ತದೆ. ಹವೆ ಬದಲಾದಾಗ ವಾಯುಭಾರದಲ್ಲಿ ಆಗುವ ವ್ಯತ್ಯಾಸ ಸಾಮಾನ್ಯವಾಗಿ 10ರಿಂದ 30 ಹೆಕ್ಟೋಪಾಸ್ಕಲ್. ಮೀನು 10ರಿಂದ 30 ಸೆಂಟಿಮೀಟರ್ ಮೇಲೆ ಕೆಳಗೆ ಸರಿದರೆ ಅದರ ಗಾಳಿಚೀಲ ಅನುಭವಿಸುವ ವ್ಯತ್ಯಾಸವೂ ಇಷ್ಟೇ. ದಿನವಿಡೀ ಅದು ಹಾಗೆ ಸರಿಯುತ್ತಲೇ ಇರುತ್ತದೆ. ಶೀತಮಾರುತ ಹಾದುಹೋದ ಮೇಲೆ ನಿಜವಾಗಿ ಬದಲಾಗುವುದು ಬೇರೆ ಸಂಗತಿಗಳು: ಆಳವಿಲ್ಲದ ನೀರು ಬೇಗ ತಣ್ಣಗಾಗುತ್ತದೆ, ಮೋಡ ಸರಿದು ಬಿಸಿಲು ಚುರುಕಾಗುತ್ತದೆ, ಗಾಳಿ ನಿಂತು ನೀರ ಮೇಲ್ಮೈ ನಯವಾಗುತ್ತದೆ. ಬೇಟೆಗೂ ಬೇಟೆಗಾರನಿಗೂ ಎಲ್ಲವೂ ನಿಚ್ಚಳವಾಗಿ ಕಾಣುವಾಗ ಹೊಂಚು ಫಲಿಸುವುದು ಕಷ್ಟ. ಆಗ ಬಾಸ್ ಜೊಂಡಿನ ಒಳಕ್ಕೆ ಸರಿದು ನಿಲ್ಲುತ್ತದೆ, ಮೂತಿಯ ಹತ್ತಿರಕ್ಕೇ ಬಂದದ್ದನ್ನು ಮಾತ್ರ ಹಿಡಿಯುತ್ತದೆ.

ಬಾಸ್‌ಗೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನೂ ತಿಳಿದಿರಬೇಕು. ಅದರ ಅಕ್ಷಿಪಟದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಎರಡೇ ಬಗೆ. ಒಂದು ಹಸಿರಿಗೆ, ಒಂದು ಕೆಂಪಿಗೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಮೀನುಗಳನ್ನು ಪಳಗಿಸಿ ಪರೀಕ್ಷಿಸಿದಾಗ ಕೆಂಪು, ಹಸಿರುಗಳನ್ನು ಅವು ಚೆನ್ನಾಗಿ ಗುರುತಿಸಿದವು. ನೀಲಿ-ಕಪ್ಪುಗಳ ನಡುವೆ, ಹಸಿರುಹಳದಿ-ಬಿಳಿಗಳ ನಡುವೆ ಗೊಂದಲಗೊಂಡವು. ಅಂಗಡಿಯಲ್ಲಿ ನೀಲಿ ಎರೆಗೂ ಕಪ್ಪು ಎರೆಗೂ ಬೇರೆ ಬೇರೆ ದುಡ್ಡು ಕೊಡುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಕಣ್ಣಿನ ಜೊತೆಗೆ ಮೈಯ ಎರಡೂ ಪಕ್ಕದಲ್ಲಿ ಪಾರ್ಶ್ವರೇಖೆ ಎಂಬ ಅಂಗವಿದೆ. ಹುರುಪೆಗಳ ಸಾಲಿನಡಿಯ ಸಣ್ಣ ಕಾಲುವೆಯಲ್ಲಿರುವ ಸೂಕ್ಷ್ಮ ಕೂದಲಕೋಶಗಳು ಸುತ್ತಲಿನ ನೀರಿನ ಚಲನೆಯನ್ನು ಗ್ರಹಿಸುತ್ತವೆ. ದಡದಲ್ಲಿ ಧಪಧಪ ಹೆಜ್ಜೆ ಹಾಕಿದರೆ ಆ ಕಂಪನ ನೆಲದಿಂದ ನೀರಿಗೆ ದಾಟಿ ಮೀನಿನ ಒಳಗಿವಿಗೂ ಮುಟ್ಟುತ್ತದೆ. ದೋಣಿಯವನಿಗಿಂತ ದಡದವನು ಹೆಚ್ಚು ಎಚ್ಚರವಹಿಸಬೇಕಾದುದು ಈ ಕಾರಣಕ್ಕೆ.

ಇನ್ನೊಂದು ಸಂಗತಿ ಬೆಳಕಿನದು. ನೀರೊಳಗಿನ ಮೀನಿಗೆ ಹೊರಗಿನ ಜಗತ್ತೆಲ್ಲ ನೆತ್ತಿಯ ಮೇಲಿನ ಸುಮಾರು 97 ಡಿಗ್ರಿಯ ದುಂಡು ಕಿಟಕಿಯೊಳಗೇ ಕಾಣುತ್ತದೆ. ನೀರಿನ ಮಟ್ಟಕ್ಕೆ ಹತ್ತಿರದಲ್ಲಿರುವ ವಸ್ತುಗಳು ಆ ಕಿಟಕಿಯ ಅಂಚಿನಲ್ಲಿ ಕುಗ್ಗಿ ಮಬ್ಬಾಗುತ್ತವೆ. 170 ಸೆಂಟಿಮೀಟರ್ ಎತ್ತರದ ವ್ಯಕ್ತಿ ಮೀನಿನಿಂದ 10 ಮೀಟರ್ ದೂರ ನಿಂತರೆ ಅವನ ತಲೆ ನೀರಿನ ಮಟ್ಟದಿಂದ 10 ಡಿಗ್ರಿಯಷ್ಟೇ ಮೇಲಿರುತ್ತದೆ. 3 ಮೀಟರ್ ಹತ್ತಿರ ಬಂದರೆ ಸುಮಾರು 30 ಡಿಗ್ರಿ ಮೇಲೇರಿ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ದಡಕ್ಕೆ ಬಂದ ಕೂಡಲೇ ನೀರಂಚಿಗೆ ಹೋಗಬಾರದು. ನಾಲ್ಕು ಹೆಜ್ಜೆ ಹಿಂದೆಯೇ ನಿಂತು, ಮೊದಲು ಕಾಲಬಳಿಯ ನೀರನ್ನು ನೋಡಬೇಕು. ಅಗತ್ಯವಿದ್ದರೆ ಮಂಡಿಯೂರಬೇಕು.

ದಡದಿಂದ ಮಧ್ಯಕ್ಕೆ ಎಸೆದಾಗ ಎರೆ ಮೀನಿರುವ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ದಾಟಿಬಿಡುತ್ತದೆ. ದಡಕ್ಕೆ ಸಮಾನಾಂತರವಾಗಿ ಎಸೆದರೆ ಉದ್ದಕ್ಕೂ ಅದೇ ಪಟ್ಟಿಯಲ್ಲಿ ಸಾಗುತ್ತದೆ. ಏರಿಯ ಮೂಲೆ, ಜೊಂಡು ಮುಗಿಯುವ ಅಂಚು, ತೂಬಿನ ಬಳಿ, ನೀರಿಗೆ ಬಾಗಿದ ಮರದಡಿ ಮೊದಲು ನೋಡಬೇಕಾದ ಜಾಗಗಳು. ಎರೆಯೂ ನಿಧಾನವಾಗಬೇಕು. ಒಹಾಯೊದ ಏಕ್ರನ್‌ನಲ್ಲಿ ನಿಕ್ ಕ್ರೀಮ್ 1949ರಲ್ಲಿ ತಯಾರಿಸಿದ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳು ಇಂದಿಗೂ ಮಂದ ದಿನಗಳ ಮೊದಲ ಆಯ್ಕೆಯಾಗಿ ಉಳಿದಿರುವುದು ಸುಮ್ಮನೆ ಅಲ್ಲ. ಭಾರ ಕಟ್ಟದೆ, ಹುಳುವಿನ ನಡುವಿಗೆ ಗಾಳ ಸಿಕ್ಕಿಸಿ ಬಿಟ್ಟರೆ ಎರಡೂ ತುದಿ ಸಣ್ಣಗೆ ನಡುಗುತ್ತ ನಿಧಾನವಾಗಿ ಇಳಿಯುತ್ತದೆ. ತಳ ಮುಟ್ಟಿದ ಮೇಲೂ ಅದನ್ನು ಹಾಗೆಯೇ ಬಿಡಬೇಕು. ಹೆಚ್ಚು ಓಡದೆ, ಹೆಚ್ಚು ದಣಿಯದೆ ಹಿಡಿಯಬಹುದಾದ ತುತ್ತು ಎಂದು ಮೀನಿಗೆ ಅನ್ನಿಸಬೇಕು.

ಆದಾಯ-ವೆಚ್ಚದ ಈ ಲೆಕ್ಕಕ್ಕೆ ಒಂದು ಅಪವಾದವಿದೆ. ವಸಂತದಲ್ಲಿ ನೀರು 15-16 ಡಿಗ್ರಿ ದಾಟಿದಾಗ ಗಂಡು ಬಾಸ್ ದಡದ ಹತ್ತಿರದ ತಳವನ್ನು ಬಾಲದಿಂದ ಗುಡಿಸಿ ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆಗೆ ಈಜುರೆಕ್ಕೆಯಿಂದ ಗಾಳಿಯಾಡಿಸುತ್ತ, ಮರಿಗಳು ಹೊರಬಂದ ಮೇಲೂ ವಾರಗಟ್ಟಲೆ ಕಾಯುವುದು ಗಂಡೇ. ಆಗ ಅದು ಸರಿಯಾಗಿ ತಿನ್ನುವುದೂ ಇಲ್ಲ. ಗೂಡಿನ ಬಳಿ ಬಿದ್ದ ಎರೆಯನ್ನು ಅದು ಕಚ್ಚುವುದು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ. ಅದನ್ನು ಮೇಲೆತ್ತಿ ಫೋಟೊ ತೆಗೆಯುವಷ್ಟರಲ್ಲಿ ಬ್ಲೂಗಿಲ್‌ಗಳ ಗುಂಪು ನುಗ್ಗಿ ಮೊಟ್ಟೆ ತಿನ್ನಲು ಶುರುಮಾಡಿರುತ್ತದೆ. ಫಿಲಿಪ್ ಅವರ ಬಳಗ ಬೆಳೆಸಿದ ಮೀನುಗಳಲ್ಲಿ ಗಾಳಕ್ಕೆ ಸುಲಭವಾಗಿ ಬೀಳುವ ಗಂಡುಗಳೇ ಮರಿಗಳನ್ನು ಹೆಚ್ಚು ಮುತುವರ್ಜಿಯಿಂದ ಕಾಯುತ್ತವೆ ಎಂದು ಕಂಡುಬಂದಿದೆ. ಒಳ್ಳೆಯ ತಂದೆಗಳನ್ನೇ ನಾವು ಕೊಳದಿಂದ ಆರಿಸಿ ತೆಗೆದರೆ ಮುಂದಿನ ತಲೆಮಾರಿನಲ್ಲಿ ಉಳಿಯುವುದೇನು?

ಹಾಗಾಗಿ ದಡದಲ್ಲಿ ನಿಲ್ಲುವವರಲ್ಲಿ ಒಂದು ಕೋರಿಕೆ. ವಸಂತದಲ್ಲಿ ದಡದ ಬಳಿ ತಿಳಿಯಾಗಿ ಗುಡಿಸಿದ ದುಂಡು ಜಾಗ, ಅದರ ಮೇಲೆ ಕಾವಲು ನಿಂತ ಮೀನು ಕಂಡರೆ ಅತ್ತ ಗಾಳ ಎಸೆಯಬೇಡಿ. ಅಕಸ್ಮಾತ್ ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಕೂಡಲೇ ಬಿಟ್ಟುಬಿಡಿ. ಹಿಡಿದ ಜೀವಂತ ಮೀನನ್ನು ಇನ್ನೊಂದು ಕೊಳಕ್ಕೆ, ಇನ್ನೊಂದು ನಾಡಿಗೆ ಒಯ್ದು ಬಿಡಬೇಡಿ. 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದು ಬಿಟ್ಟ ಬಾಸ್ ಮುಂದೆ ದೇಶದ ತುಂಬ ಹರಡಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. 2005ರಿಂದ ಅದನ್ನು ಜೀವಂತವಾಗಿ ಸಾಗಿಸುವುದು, ಬೇರೆಡೆ ಬಿಡುವುದು ಅಲ್ಲಿ ಕಾನೂನುಬಾಹಿರ. ಬಾಸ್ ಅದರ ತವರಿನ ಕೊಳದಲ್ಲಿ ಚೆನ್ನ. ಅದರ ಲೆಕ್ಕಾಚಾರ ಅರಿತು ಗಾಳ ಹಾಕುವವರು ಮಂದ ದಿನದಲ್ಲೂ ಬರಿಗೈಲಿ ಮರಳುವುದು ಕಡಿಮೆ.